ಬಿಲ್ಲಿನಲ್ಲಿ ಬಾರದ ಹೆಸರು: ನರ್ಸ್ ಪ್ರಾಕ್ಟೀಷನರ್ ಮತ್ತು ಮೆಡಿಕೇರ್

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಾವನವರ ಮನೆಯಲ್ಲಿ ಮೂರು ತಿಂಗಳು ಇದ್ದೆ. ಅವರು ನಿವೃತ್ತ ಇಂಜಿನಿಯರು, ವಯಸ್ಸು ಎಪ್ಪತ್ತು ದಾಟಿದೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಎರಡೂ ಜೊತೆಗಿವೆ. ಆಗಾಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಒಮ್ಮೆ ನಾನೂ ಜೊತೆಗೆ ಹೋದೆ. ಅವರನ್ನು ಪರೀಕ್ಷಿಸಿದವರು ಡಾಕ್ಟರಲ್ಲ, 'ನರ್ಸ್ ಪ್ರಾಕ್ಟೀಷನರ್' ಎಂಬ ಹುದ್ದೆಯ ಒಬ್ಬ ಹೆಣ್ಣುಮಗಳು. ಹಿಂದಿನ ರಕ್ತಪರೀಕ್ಷೆಯ ಅಂಕಿಗಳನ್ನು ನೋಡಿದರು, ಕಾಲ್ಬೆರಳುಗಳ ಸಂದುಗಳನ್ನೂ ಬಿಡದೆ ಪರಿಶೀಲಿಸಿದರು, ಊಟದ ವಿಚಾರ ಕೇಳಿದರು, ಔಷಧಿ ಚೀಟಿ ಬರೆದುಕೊಟ್ಟರು.

ನಾನು ಹೊರಡುವ ಮುನ್ನ ಮೆಡಿಕೇರ್‌ನಿಂದ ಅಂಚೆಯಲ್ಲಿ ವೆಚ್ಚದ ವಿವರಪಟ್ಟಿ ಬಂತು. ಸೇವೆ ನೀಡಿದವರ ಹೆಸರಿರಬೇಕಾದ ಜಾಗದಲ್ಲಿ ಆಕೆಯ ಹೆಸರಿರಲಿಲ್ಲ. ಭಾವ ವರ್ಷದ ಹಿಂದೆ ಒಮ್ಮೆ ಕಂಡಿದ್ದ ಡಾಕ್ಟರೊಬ್ಬರ ಹೆಸರಿತ್ತು. "ಏನಯ್ಯಾ ಇದು, ನೋಡಿದ್ದು ಆಕೆ, ಬಿಲ್ಲು ಇವರದು! ಮೋಸವಲ್ಲವೇ?" ಎಂದು ಭಾವ ಕ್ಲಿನಿಕ್ಕಿಗೆ ಫೋನು ಮಾಡಿದರು. ಮೋಸವಲ್ಲ ಸ್ವಾಮಿ, ಕಾನೂನೇ ಹಾಗಿದೆ ಎಂಬ ಅರ್ಥದ ಉತ್ತರ ಬಂತು.

ಉತ್ತರ ನಿಜವಾಗಿಯೂ ಸರಿಯಾಗಿತ್ತು. ಆದರೆ ಕಾನೂನು ಏಕೆ ಹಾಗಿದೆ? ಭೌತವಿಜ್ಞಾನದ ಮೇಷ್ಟರಿಗೆ ಇದು ಸಂಬಂಧಿಸಿದ್ದಲ್ಲ ಎಂದು ಬಿಡಬಹುದಿತ್ತು. ಬಿಡಲಾಗದ ಕಾರಣವೆಂದರೆ ಇದರೊಳಗೆ ಅಳತೆಯ ಒಂದು ಪ್ರಶ್ನೆ ಅಡಗಿದೆ. ಒಬ್ಬರ ಕೆಲಸ ಇನ್ನೊಬ್ಬರಷ್ಟೇ ಚೆನ್ನಾಗಿದೆ ಎಂದು ಪ್ರಯೋಗ ತೋರಿಸಿದ ಮೇಲೂ ಹಣ ಕೊಡುವವರ ಲೆಕ್ಕದಲ್ಲಿ ಅದು ಕಾಣಿಸಿಕೊಳ್ಳಲು ಎಷ್ಟು ಕಾಲ ಬೇಕು?

ಎರಡೂ ಹುಟ್ಟಿದ್ದು ಒಂದೇ ವರ್ಷ

ಮೆಡಿಕೇರ್ ಎಂದರೆ ಅಮೆರಿಕದ ಕೇಂದ್ರ ಸರ್ಕಾರ 65 ವರ್ಷ ದಾಟಿದವರಿಗಾಗಿ ನಡೆಸುವ ಸಾರ್ವಜನಿಕ ಆರೋಗ್ಯ ವಿಮೆ. 1965ರ ಜುಲೈ 30ರಂದು ಮಿಸ್ಸೂರಿ ರಾಜ್ಯದ ಇಂಡಿಪೆಂಡೆನ್ಸ್ ಊರಿನಲ್ಲಿ, ಮಾಜಿ ಅಧ್ಯಕ್ಷ ಟ್ರೂಮನ್ ಅವರ ಸಮ್ಮುಖದಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಕಾನೂನಿಗೆ ಸಹಿ ಹಾಕಿದರು. ಬಡವರಿಗಾಗಿ ರಾಜ್ಯಗಳ ಜೊತೆಗೂಡಿ ನಡೆಸುವ ಮೆಡಿಕೇಡ್ ಕೂಡ ಅದೇ ಕಾನೂನಿನ ಕೂಸು. 1972ರ ತಿದ್ದುಪಡಿಯಿಂದ ಅಂಗವಿಕಲರಿಗೂ ಮೂತ್ರಪಿಂಡ ವೈಫಲ್ಯದ ರೋಗಿಗಳಿಗೂ ಮೆಡಿಕೇರ್ ಸಿಗುವಂತಾಯಿತು.

ಅದೇ 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಒಂದು ಹೊಸ ತರಬೇತಿ ಆರಂಭಿಸಿದರು. ಫೋರ್ಡ್ ಅವರು ಅದಕ್ಕೆ ಮುಂಚೆ ಬೋಲ್ಡರ್ ಜಿಲ್ಲೆಯ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ಓಡಾಡಿದವರು. ಡಾಕ್ಟರು ಸಿಗದ ಊರುಗಳಲ್ಲಿ ಮಕ್ಕಳ ಬೆಳವಣಿಗೆ ನೋಡುವುದು, ಲಸಿಕೆ ಹಾಕುವುದು, ಯಾವ ಮಗುವಿಗೆ ತುರ್ತಾಗಿ ವೈದ್ಯರು ಬೇಕು ಎಂದು ಗುರುತಿಸುವುದು ಹೇಗೂ ನರ್ಸುಗಳ ಪಾಲಿಗೇ ಬರುತ್ತಿತ್ತು. ಹಾಗಿದ್ದ ಮೇಲೆ ಆ ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಕ್ರಮವಾಗಿ ಕಲಿಸಿಬಿಡೋಣ ಎಂಬುದು ಅವರ ಯೋಚನೆ. ನಾಲ್ಕು ತಿಂಗಳ ತೀವ್ರ ತರಬೇತಿ, ಅನಂತರ ಊರುಗಳಲ್ಲಿ ಅನುಭವ. ಇದರ ವಿವರವನ್ನು 1967ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇದನ್ನು ವೈದ್ಯರಷ್ಟೇ ಅಲ್ಲ, ನರ್ಸಿಂಗ್ ಶಿಕ್ಷಣದಲ್ಲಿದ್ದ ಹಿರಿಯರೂ ವಿರೋಧಿಸಿದರು. ನಮ್ಮವರು ಡಾಕ್ಟರ ಕೆಲಸಕ್ಕೆ ಏಕೆ ಕೈಹಾಕಬೇಕು ಎಂಬುದು ಅವರ ಆಕ್ಷೇಪ. ಫೋರ್ಡ್ ಅವರು 2025ರ ಜನವರಿಯಲ್ಲಿ ತಮ್ಮ 104ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಪರವಾನಗಿ ಪಡೆದ ನರ್ಸ್ ಪ್ರಾಕ್ಟೀಷನರುಗಳ ಸಂಖ್ಯೆ 4 ಲಕ್ಷ ಮೀರಿತ್ತು.

ಒಂದೇ ವರ್ಷದಲ್ಲಿ ಹುಟ್ಟಿದರೂ ಇವೆರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ. ಮೆಡಿಕೇರ್ ಕಾನೂನು ಬರೆದವರ ಕಣ್ಣಮುಂದೆ ಇದ್ದದ್ದು ವೈದ್ಯರು ಮತ್ತು ಆಸ್ಪತ್ರೆಗಳು. ಕ್ಲಿನಿಕ್ಕಿನಲ್ಲಿ ಉಳಿದವರು ಮಾಡುವ ಕೆಲಸಕ್ಕೆ ಅವರು ಒಂದು ಶೀರ್ಷಿಕೆ ಕೊಟ್ಟರು: ವೈದ್ಯರ ವೃತ್ತಿಸೇವೆಗೆ ಆನುಷಂಗಿಕವಾಗಿ ಒದಗುವ ಸೇವೆ ಮತ್ತು ಸರಂಜಾಮುಗಳು. ಚುಚ್ಚುಮದ್ದು, ಬ್ಯಾಂಡೇಜು, ಬ್ಯಾಂಡೇಜು ಕಟ್ಟುವ ನರ್ಸು ಎಲ್ಲವೂ ಈ ಒಂದೇ ಶೀರ್ಷಿಕೆಯಡಿ ಬಂದವು, ಎಲ್ಲಕ್ಕೂ ಹಣ ವೈದ್ಯರ ಬಿಲ್ಲಿನ ಮೂಲಕವೇ. ಆ ಕಾಲಕ್ಕೆ ಇದು ಅಸಹಜವೇನೂ ಆಗಿರಲಿಲ್ಲ ಎನ್ನಬೇಕು. ಸ್ವತಂತ್ರವಾಗಿ ರೋಗ ಪತ್ತೆ ಮಾಡುವ ನರ್ಸ್ ಎಂಬ ಜೀವಿ ಆಗ ಕೊಲೊರಾಡೊದ ಒಂದು ತರಗತಿಯಲ್ಲಿ ಮಾತ್ರ ಇತ್ತು. ನರ್ಸುಗಳು ರೋಗನಿದಾನ, ಚಿಕಿತ್ಸೆ ಮಾಡಬಹುದು ಎಂದು ಕಾನೂನಿನಲ್ಲಿ ಮೊದಲು ಬರೆದ ರಾಜ್ಯ ಐಡಾಹೊ, ಅದೂ 1971ರಲ್ಲಿ.

ಬರ್ಲಿಂಗ್ಟನ್ನಿನ ಪ್ರಯೋಗ

ಈಗ ಸ್ವಲ್ಪ ಹೊತ್ತು ಗಡಿ ದಾಟಿ ಕೆನಡಾಕ್ಕೆ ಹೋಗೋಣ. ಈ ಇತಿಹಾಸದ ಅತಿ ಸೊಗಸಾದ ಪ್ರಯೋಗ ನಡೆದದ್ದು ಅಲ್ಲಿ, ಆಂಟಾರಿಯೊ ಪ್ರಾಂತದ ಬರ್ಲಿಂಗ್ಟನ್ನಿನಲ್ಲಿ. ಇಬ್ಬರು ಕುಟುಂಬ ವೈದ್ಯರು ನಡೆಸುತ್ತಿದ್ದ ಒಂದು ದೊಡ್ಡ ಕ್ಲಿನಿಕ್. ಹೊಸ ರೋಗಿಗಳನ್ನು ಸೇರಿಸಿಕೊಳ್ಳಲಾಗದಷ್ಟು ಅದು ತುಂಬಿಹೋಗಿತ್ತು. ಪಕ್ಕದ ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಾಲ್ಟರ್ ಸ್ಪಿಟ್ಸರ್, ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಈ ಕ್ಲಿನಿಕ್ಕನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಅಲ್ಲಿನ 1598 ಕುಟುಂಬಗಳನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದ ಹಾಗೆ, ಎರಡು ಪಾಲು ಮಾಡಿದರು. ದೊಡ್ಡ ಪಾಲು ಎಂದಿನಂತೆ ವೈದ್ಯರ ಬಳಿಗೆ, ಉಳಿದ ಸುಮಾರು ಮೂರನೆಯ ಒಂದು ಪಾಲು ನರ್ಸ್ ಪ್ರಾಕ್ಟೀಷನರುಗಳ ಬಳಿಗೆ. 1971ರ ಜುಲೈನಿಂದ 1972ರ ಜುಲೈವರೆಗೆ ಒಂದು ವರ್ಷ ಹೀಗೆ ನಡೆಯಿತು.

ಚೀಟಿ ಎತ್ತುವುದು ಏಕೆ ಮುಖ್ಯ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಲ್ಲರು. ಆಯ್ಕೆಯನ್ನು ರೋಗಿಗಳಿಗೇ ಬಿಟ್ಟರೆ ಹೆಚ್ಚು ಕಾಯಿಲೆಯವರು ಡಾಕ್ಟರ ಕಡೆಗೂ ಸಣ್ಣಪುಟ್ಟ ನೆಗಡಿಯವರು ನರ್ಸ್ ಕಡೆಗೂ ಹೋಗಬಹುದು. ಆಗ ಕೊನೆಯಲ್ಲಿ ಸಿಗುವ ವ್ಯತ್ಯಾಸ ಚಿಕಿತ್ಸೆಯದೋ ರೋಗಿಗಳದೋ ತಿಳಿಯುವುದಿಲ್ಲ.

ಫಲಿತಾಂಶ 1974ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ಮರಣಪ್ರಮಾಣದಲ್ಲಾಗಲಿ, ದೈಹಿಕ ಸಾಮರ್ಥ್ಯದಲ್ಲಾಗಲಿ, ಸಾಮಾಜಿಕ ಮತ್ತು ಭಾವನಾತ್ಮಕ ಸ್ಥಿತಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಮ್ಮಲ್ಲಿಗೆ ಬಂದ ಭೇಟಿಗಳಲ್ಲಿ ಶೇಕಡ 67ರಷ್ಟನ್ನು ನರ್ಸುಗಳು ವೈದ್ಯರನ್ನು ಕೇಳದೆ ತಾವೇ ನಿಭಾಯಿಸಿದ್ದರು. ರೋಗಿಗಳೂ ತೃಪ್ತರು, ವೈದ್ಯರೂ ತೃಪ್ತರು.

ಆದರೆ ಅದೇ ಲೇಖನದ ಸಾರಾಂಶದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಈ ವ್ಯವಸ್ಥೆ ಸಮಾಜಕ್ಕೆ ಅಗ್ಗ, ಆದರೆ ಕ್ಲಿನಿಕ್ಕಿನ ವೈದ್ಯರಿಗೆ ಲಾಭದಾಯಕವಲ್ಲ. ಏಕೆಂದರೆ ನರ್ಸ್ ಪ್ರಾಕ್ಟೀಷನರ್ ಮಾಡಿದ ಕೆಲಸಕ್ಕೆ ಹಣ ಪಡೆಯಲು ವಿಮೆಯ ನಿಯಮಗಳು ಅಡ್ಡ ಬರುತ್ತವೆ ಎಂದು. ನನ್ನ ದೃಷ್ಟಿಯಲ್ಲಿ ಇಡೀ ಲೇಖನದ ಅತಿ ಮುಖ್ಯ ವಾಕ್ಯ ಇದೇ. ಆಂಟಾರಿಯೊದಲ್ಲಿ ನಂತರ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿನ ನರ್ಸ್ ಪ್ರಾಕ್ಟೀಷನರ್ ತರಬೇತಿ 1983ರಲ್ಲಿ ನಿಂತೇಹೋಯಿತು. ಮತ್ತೆ ಶುರುವಾದದ್ದು 1995ರಲ್ಲಿ. ಪ್ರಯೋಗ ಗೆದ್ದಿತ್ತು, ಹುದ್ದೆ ಸೋತಿತ್ತು.

ಅಂಗುಲ ಅಂಗುಲವಾಗಿ

ಅಮೆರಿಕದಲ್ಲಿ ಸೋಲಲಿಲ್ಲ, ಆದರೆ ಮುನ್ನಡೆ ಬಹಳ ನಿಧಾನ. 1977ರ ಡಿಸೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಗ್ರಾಮೀಣ ಆರೋಗ್ಯ ಕ್ಲಿನಿಕ್ ಕಾಯಿದೆ ಮೊದಲ ಬಾಗಿಲು ತೆರೆಯಿತು. ವೈದ್ಯರ ಕೊರತೆಯಿರುವ ಹಳ್ಳಿಗಾಡಿನ ಕ್ಲಿನಿಕ್ಕುಗಳಲ್ಲಿ ನರ್ಸ್ ಪ್ರಾಕ್ಟೀಷನರ್ ನೋಡಿದ ರೋಗಿಗೂ ಮೆಡಿಕೇರ್, ಮೆಡಿಕೇಡ್ ಹಣ ಕೊಡತೊಡಗಿದವು. ಹಣ ಹೋದದ್ದು ಕ್ಲಿನಿಕ್ಕಿಗೆ, ನರ್ಸಿನ ಹೆಸರಿಗಲ್ಲ.

1986ರಲ್ಲಿ ಅಮೆರಿಕದ ಸಂಸತ್ತಿನದೇ ಆದ ತಂತ್ರಜ್ಞಾನ ಮೌಲ್ಯಮಾಪನ ಕಚೇರಿ ಈ ವಿಷಯ ಕುರಿತು ವರದಿ ಕೊಟ್ಟಿತು. ತಮ್ಮ ಸಾಮರ್ಥ್ಯದ ವ್ಯಾಪ್ತಿಯೊಳಗೆ ನರ್ಸ್ ಪ್ರಾಕ್ಟೀಷನರುಗಳು ನೀಡುವ ಆರೈಕೆ ವೈದ್ಯರದಕ್ಕೆ ಸಮ ಎಂಬುದು ಅದರ ತೀರ್ಮಾನ. (ಜನಪ್ರತಿನಿಧಿಗಳಿಗೆ ವಿಜ್ಞಾನವನ್ನು ತಿಳಿಹೇಳಲೆಂದೇ 1972ರಲ್ಲಿ ಹುಟ್ಟಿದ ಈ ಕಚೇರಿಯನ್ನು 1995ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮುಚ್ಚಿದರು. ಅಂಥ ಉಳಿತಾಯ ಎಲ್ಲ ದೇಶಗಳಲ್ಲೂ ನಡೆಯುತ್ತದೆ.) 1989ರ ಕಾನೂನು ವೃದ್ಧರ ಶುಶ್ರೂಷಾಲಯಗಳಲ್ಲಿ ಮಾಡಿದ ಸೇವೆಯನ್ನೂ 1990ರ ಕಾನೂನು ಗ್ರಾಮೀಣ ಪ್ರದೇಶದ ಸೇವೆಯನ್ನೂ ಮಾನ್ಯ ಮಾಡಿದವು. ಗ್ರಾಮೀಣ ಪ್ರದೇಶದಲ್ಲಿ ಕೊನೆಗೂ ಹಣ ನೇರವಾಗಿ ನರ್ಸಿನ ಕೈಸೇರಿತು. ಆದರೆ ಅದೇ ನರ್ಸ್ ಪಟ್ಟಣಕ್ಕೆ ವರ್ಗವಾದರೆ ವಿಮೆಯ ಕಣ್ಣಿಗೆ ಮತ್ತೆ ಅದೃಶ್ಯ!

ಈ ವಿಚಿತ್ರ ಕೊನೆಗೊಂಡದ್ದು 1997ರ ಸಮತೋಲಿತ ಆಯವ್ಯಯ ಕಾಯಿದೆಯಿಂದ. 1998ರ ಜನವರಿ 1ರಿಂದ ಊರು ಯಾವುದೇ ಇರಲಿ, ನರ್ಸ್ ಪ್ರಾಕ್ಟೀಷನರ್ ತನ್ನ ಹೆಸರಿನಲ್ಲೇ ಮೆಡಿಕೇರ್‌ಗೆ ಬಿಲ್ಲು ಕಳುಹಿಸಬಹುದು. 1965ರಿಂದ ಲೆಕ್ಕ ಹಾಕಿದರೆ ಸುಮಾರು 33 ವರ್ಷ.

ಬಾಗಿಲು ತೆರೆದ ಮೇಲೆ ಒಳಗೆ ಬರುವವರ ಅರ್ಹತೆಯನ್ನು ನಿಗದಿಮಾಡಬೇಕಲ್ಲ. ರಾಜ್ಯದ ನರ್ಸಿಂಗ್ ಪರವಾನಗಿ, ನರ್ಸ್ ಪ್ರಾಕ್ಟೀಷನರ್ ಆಗಿ ಕೆಲಸ ಮಾಡಲು ರಾಜ್ಯದ ಅನುಮತಿ, ರಾಷ್ಟ್ರಮಟ್ಟದ ಮಾನ್ಯ ಸಂಸ್ಥೆಯೊಂದರ ಪರೀಕ್ಷೆ ಮುಗಿಸಿದ ಪ್ರಮಾಣಪತ್ರ, ಇವು ಬೇಕಾದವು. 2003ರ ಜನವರಿ 1ರಿಂದ ಹೊಸದಾಗಿ ಸೇರುವವರಿಗೆ ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಕಡ್ಡಾಯವಾಯಿತು. 2001ಕ್ಕೆ ಮುಂಚೆ ಸೇರಿದ್ದ ಹಳಬರನ್ನು ಹಾಗೆಯೇ ಉಳಿಸಿಕೊಂಡರು. ಕೊಲೊರಾಡೊದ ನಾಲ್ಕು ತಿಂಗಳ ತರಬೇತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಈ ಪಯಣಕ್ಕೆ ವಿಮೆಯ ಬೇಡಿಕೆಯೂ ಒಂದು ಕಾರಣ. ಇನ್ನೊಂದು ಷರತ್ತು ಅಷ್ಟಾಗಿ ಯಾರ ಗಮನಕ್ಕೂ ಬಾರದು. ವೈದ್ಯರು ಮೆಡಿಕೇರ್‌ನ ದರಕ್ಕೆ ಒಪ್ಪಿ 'ಭಾಗಿ'ಯಾಗಬಹುದು, ಇಲ್ಲವೇ ಭಾಗಿಯಾಗದೆ ಉಳಿದು ಮಿತಿಯೊಳಗೆ ಸ್ವಲ್ಪ ಹೆಚ್ಚು ವಸೂಲಿ ಮಾಡಬಹುದು. ನರ್ಸ್ ಪ್ರಾಕ್ಟೀಷನರಿಗೆ ಆ ಆಯ್ಕೆ ಇಲ್ಲ. ಕೊಟ್ಟಷ್ಟೇ ಪೂರ್ಣ ಶುಲ್ಕವೆಂದು ಒಪ್ಪಲೇಬೇಕು.

ಕೊಡುವುದಾದರೂ ಎಷ್ಟು? ಅದೇ ಕೆಲಸಕ್ಕೆ ವೈದ್ಯರಿಗೆ ನಿಗದಿಯಾದ ದರದ ಶೇಕಡ 85. ವೈದ್ಯರ ದರ 100 ಡಾಲರ್ ಎಂದಿಟ್ಟುಕೊಳ್ಳಿ. ನರ್ಸ್ ಪ್ರಾಕ್ಟೀಷನರ್ ದರ 85 ಡಾಲರ್. ಅದರಲ್ಲಿ ಶೇಕಡ 80, ಎಂದರೆ 68 ಡಾಲರ್, ಮೆಡಿಕೇರ್ ಕೊಡುತ್ತದೆ. ಉಳಿದ 17 ರೋಗಿಯ ಪಾಲು.

ಈ 85 ಯಾವ ಅಳತೆಯಿಂದ ಬಂತು? ಬರ್ಲಿಂಗ್ಟನ್ನಿನಲ್ಲಿ ಯಾರಿಗೂ ಶೇಕಡ 15ರ ಕೊರತೆ ಕಂಡಿರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೇರಿ ಮಂಡಿಂಗರ್ ಮತ್ತು ಸಂಗಡಿಗರು 1316 ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಯಾದೃಚ್ಛಿಕ ಪ್ರಯೋಗದಲ್ಲೂ ಕಾಣಲಿಲ್ಲ. ಆರು ತಿಂಗಳ ನಂತರ ಎರಡು ಗುಂಪುಗಳ ಆರೋಗ್ಯ ಒಂದೇ ಮಟ್ಟದಲ್ಲಿತ್ತು. ವೈದ್ಯರ ಓದು ದೀರ್ಘ, ಅವರ ಬಳಿಗೆ ಹೆಚ್ಚು ಜಟಿಲ ರೋಗಿಗಳು ಹೋಗುತ್ತಾರೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ, ಆರು ತಿಂಗಳ, ಒಂದು ವರ್ಷದ ಪ್ರಯೋಗಗಳು ಅಪರೂಪದ ತಪ್ಪುಗಳನ್ನು ಹಿಡಿಯಲಾರವು ಎಂಬುದೂ ನಿಜ. ಆದರೆ ಆ ವಾದದಿಂದ 85 ಎಂಬ ನಿರ್ದಿಷ್ಟ ಅಂಕಿ ಹುಟ್ಟುವುದಿಲ್ಲ. ಅದು ಚೌಕಾಸಿಯ ಅಂಕಿ. ಇದೇ ಮೆಡಿಕೇರ್ ನರ್ಸ್ ಸೂಲಗಿತ್ತಿಯರಿಗೆ ಬಹುಕಾಲ ಶೇಕಡ 65 ಕೊಡುತ್ತಿತ್ತು. 2011ರ ಜನವರಿಯಿಂದ 100 ಮಾಡಿತು. ಹೆರಿಗೆ ಮಾಡಿಸುವ ಕೈಗಳ ಗುಣ ಒಂದು ರಾತ್ರಿಯಲ್ಲಿ ಅಷ್ಟು ಏರಿತೆಂದು ಯಾರೂ ಹೇಳಲಾರರು.

ಹತ್ತು ಅಂಕಿಗಳ ಗುರುತು

ನರ್ಸ್ ಪ್ರಾಕ್ಟೀಷನರ್ ಸ್ವಂತವಾಗಿ ಬಿಲ್ಲು ಕಳುಹಿಸಬೇಕಾದರೆ ಗುರುತಿನ ಸಂಖ್ಯೆ ಬೇಕು. 1996ರ ಕಾನೂನೊಂದರ ಫಲವಾಗಿ ಅಮೆರಿಕದ ಎಲ್ಲ ವೈದ್ಯರು, ನರ್ಸ್ ಪ್ರಾಕ್ಟೀಷನರುಗಳು, ಆಸ್ಪತ್ರೆಗಳಿಗೆ ಏಕರೂಪದ 'ರಾಷ್ಟ್ರೀಯ ಒದಗಣೆದಾರ ಸಂಖ್ಯೆ' ಬಂತು. 2007ರ ಮೇ 23ರಿಂದ ಇದರ ಬಳಕೆ ಕಡ್ಡಾಯ. ಹತ್ತು ಅಂಕಿಗಳು. ಅಂಕಿಗಳಲ್ಲಿ ವೃತ್ತಿ, ಊರು, ಪದವಿ ಯಾವುದರ ಸುಳಿವೂ ಇಲ್ಲ. ಸಂಖ್ಯೆಯ ಮಟ್ಟಿಗೆ ಡಾಕ್ಟರೂ ನರ್ಸೂ ಸಮಾನರು!

ಹತ್ತನೆಯ ಅಂಕಿ ತಪಾಸಣೆಯ ಅಂಕಿ. ಇದನ್ನು ಲೆಕ್ಕ ಹಾಕುವ ಉಪಾಯ ಐಬಿಎಂ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಅವರದು. ಅದಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. ನಿಮ್ಮ ಬ್ಯಾಂಕ್ ಕಾರ್ಡಿನ ಕೊನೆಯ ಅಂಕಿಯೂ ಮೊಬೈಲಿನ ಐಎಂಇಐ ಸಂಖ್ಯೆಯ ಕೊನೆಯ ಅಂಕಿಯೂ ಇದೇ ಲೆಕ್ಕದವು. ಉದಾಹರಣೆಗೆ ಮೊದಲ ಒಂಬತ್ತು ಅಂಕಿಗಳು 123456789 ಎಂದಿರಲಿ. ಬಲಗಡೆಯಿಂದ ಶುರುಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ದ್ವಿಗುಣಗೊಳಿಸಿ: 9, 7, 5, 3, 1 ಎಂಬವು 18, 14, 10, 6, 2 ಆಗುತ್ತವೆ. ಎರಡಂಕಿ ಬಂದಲ್ಲಿ ಅವನ್ನು ಕೂಡಿ: 9, 5, 1, 6, 2. ಇವುಗಳ ಮೊತ್ತ 23. ಮುಟ್ಟದೆ ಬಿಟ್ಟ 8, 6, 4, 2ರ ಮೊತ್ತ 20. ಎರಡೂ ಸೇರಿ 43. ಇದಕ್ಕೆ 24 ಸೇರಿಸಿ. (ಸಂಖ್ಯೆಯ ಹಿಂದೆ 80840 ಎಂಬ ಕಾಣದ ಪೂರ್ವಪ್ರತ್ಯಯವಿದೆ. 80 ಎಂದರೆ ಆರೋಗ್ಯ, 840 ಎಂದರೆ ಅಮೆರಿಕ. ಅದರ ಪಾಲು 24.) ಈಗ 67. ಮುಂದಿನ ಹತ್ತರ ಗುಣಕ 70, ವ್ಯತ್ಯಾಸ 3. ಆದ್ದರಿಂದ ಪೂರ್ಣ ಸಂಖ್ಯೆ 1234567893.

ಯಾವುದಾದರೂ ಒಂದು ಅಂಕಿ ತಪ್ಪಾದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಪಕ್ಕಪಕ್ಕದ ಅಂಕಿಗಳು ಅದಲು ಬದಲಾದರೂ ಹಿಡಿಯುತ್ತದೆ, 09 ಮತ್ತು 90 ಒಂದನ್ನು ಬಿಟ್ಟು. ನಮ್ಮ ಆಧಾರ್ ಸಂಖ್ಯೆಯಲ್ಲಿ ಡಚ್ ಗಣಿತಜ್ಞ ವರ್ಹೂಫ್ ಅವರ ಇನ್ನೂ ಚುರುಕಾದ ವಿಧಾನವಿದೆ; ಅದಕ್ಕೆ ಈ ದೋಷವೂ ಇಲ್ಲ.

ಈ ಸಂಖ್ಯೆಗಳ ಪಟ್ಟಿ ಸಾರ್ವಜನಿಕ. ಭಾವನವರೂ ನಾನೂ ಕುಳಿತು ಹುಡುಕಿದೆವು. ಅವರ ಕಾಲ್ಬೆರಳು ಪರೀಕ್ಷಿಸಿದ ಆ ಹೆಣ್ಣುಮಗಳಿಗೂ ಹತ್ತಂಕಿಯ ಸಂಖ್ಯೆ ಇತ್ತು. ಕಾಗದದ ಮೇಲೆ ಕೂಡಿ ನೋಡಿದೆ, ತಪಾಸಣೆಯ ಅಂಕಿ ಸರಿಯಾಗಿತ್ತು. ಪರವಾನಗಿಯಿತ್ತು, ಸಂಖ್ಯೆಯಿತ್ತು, ಆದರೂ ಬಿಲ್ಲಿನಲ್ಲಿ ಹೆಸರು ಬಂದಿರಲಿಲ್ಲ.

ಕಾರಣ 1965ರ ಆ ಹಳೆಯ ಶೀರ್ಷಿಕೆ ಇನ್ನೂ ಜೀವಂತವಾಗಿರುವುದು. ರೋಗಿ ಹಳಬರಾಗಿದ್ದು, ಚಿಕಿತ್ಸೆಯನ್ನು ವೈದ್ಯರು ಶುರುಮಾಡಿದ್ದು, ಮೇಲ್ವಿಚಾರಣೆಗೆ ವೈದ್ಯರು ಲಭ್ಯರಿದ್ದರೆ ನರ್ಸ್ ಪ್ರಾಕ್ಟೀಷನರ್ ಮಾಡಿದ ಪರೀಕ್ಷೆಯನ್ನು ವೈದ್ಯರ 'ಆನುಷಂಗಿಕ' ಸೇವೆಯೆಂದು ವೈದ್ಯರ ಸಂಖ್ಯೆಯಲ್ಲೇ ಕಳುಹಿಸಬಹುದು. ಆಗ ಸಿಗುವುದು 85 ಅಲ್ಲ, 100. ಯಾವ ಕ್ಲಿನಿಕ್ಕಿನ ಲೆಕ್ಕಿಗರಾದರೂ ಯಾವುದನ್ನು ಆರಿಸಿಕೊಂಡಾರು ಎಂದು ಬೇರೆ ಹೇಳಬೇಕೇ? ಲೂನ್ ಅವರ ಲೆಕ್ಕ ಕೈತಪ್ಪನ್ನು ಹಿಡಿಯುತ್ತದೆಯೇ ಹೊರತು, ಒಬ್ಬರ ಜಾಗದಲ್ಲಿ ಇನ್ನೊಬ್ಬರ ಸರಿಯಾದ ಸಂಖ್ಯೆ ಬರೆದರೆ ಅದಕ್ಕೆ ತಿಳಿಯುವುದಿಲ್ಲ.

ಕಳೆದುಹೋಗುವುದು ಆಕೆಯ ಹೆಸರೊಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮೆಡಿಕೇರ್‌ನ ಬಿಲ್ಲುಗಳು ಕೋಟಿಗಟ್ಟಲೆ ರೋಗಿಗಳ ಬಗೆಗಿನ ಮಾಹಿತಿಯ ಗಣಿ. ಯಾವ ಚಿಕಿತ್ಸೆ ಒಳ್ಳೆಯದು, ಯಾರ ಆರೈಕೆಯಲ್ಲಿ ಖರ್ಚು ಕಡಿಮೆ ಎಂದು ಸಂಶೋಧಕರು ಅಲ್ಲೇ ಅಗೆಯುತ್ತಾರೆ. ಆದರೆ 'ವೈದ್ಯರು' ಎಂಬ ಕಲಂನಲ್ಲಿ ನರ್ಸುಗಳ ಕೆಲಸವೂ ಎಷ್ಟೋ ಬೆರೆತುಹೋಗಿದೆ. ಪ್ರಥಮ ಪಿಯುಸಿ ಪ್ರಯೋಗಶಾಲೆಯಲ್ಲಿ ಶೂನ್ಯ ದೋಷವಿರುವ ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟರೆ ನೂರು ಬಾರಿ ಅಳೆದು ಸರಾಸರಿ ತೆಗೆದರೂ ಉತ್ತರ ತಪ್ಪೇ. ದೋಷ ಯಾದೃಚ್ಛಿಕವಾಗಿದ್ದರೆ ಅಳತೆಗಳು ಹೆಚ್ಚಿದಂತೆ ಕರಗುತ್ತದೆ. ಒಂದೇ ದಿಕ್ಕಿಗೆ ವಾಲಿದ ದೋಷ ಕರಗುವುದಿಲ್ಲ. ಇದು ಆ ಎರಡನೆಯ ಜಾತಿಯದು. 85 ಸರಿಯೇ ಅಲ್ಲವೇ ಎಂದು ತೀರ್ಮಾನಿಸಲು ಬೇಕಾದ ಮಾಹಿತಿಯನ್ನೇ 85 ಎಂಬ ದರ ಕಲಬೆರಕೆ ಮಾಡುತ್ತಿದೆ.

2019ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಿಗೆ ಮೆಡಿಕೇರ್ ಬಗ್ಗೆ ಸಲಹೆ ನೀಡುವ ಆಯೋಗ, ನರ್ಸ್ ಪ್ರಾಕ್ಟೀಷನರುಗಳ ಮಟ್ಟಿಗೆ ಆನುಷಂಗಿಕ ಬಿಲ್ಲನ್ನು ನಿಲ್ಲಿಸಿ, ಕೆಲಸ ಮಾಡಿದವರೇ ಹೆಸರು ಹಾಕಲಿ ಎಂದು ಶಿಫಾರಸು ಮಾಡಿತು. ಸಂಸತ್ತು ಅದನ್ನು ಕಾನೂನು ಮಾಡಲಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಮತ್ತೊಂದು ಹಳೆಯ ಬೀಗ ಒಡೆಯಿತು. ರೋಗಿಗೆ ಮನೆಯಲ್ಲೇ ಆರೈಕೆ ಬೇಕೆಂದು ಪ್ರಮಾಣೀಕರಿಸುವ ಅಧಿಕಾರ ಅಲ್ಲಿಯವರೆಗೆ ವೈದ್ಯರಿಗಷ್ಟೇ ಇತ್ತು. ಆ ತಿಂಗಳ ಕಾನೂನು ಅದನ್ನು ನರ್ಸ್ ಪ್ರಾಕ್ಟೀಷನರುಗಳಿಗೂ ಕೊಟ್ಟಿತು. ಮಧುಮೇಹಿಗಳ ವಿಶೇಷ ಪಾದರಕ್ಷೆಗೆ ಬೇಕಾದ ಪ್ರಮಾಣಪತ್ರ ಆ ಪಟ್ಟಿಯಲ್ಲಿ ಸೇರಲಿಲ್ಲ. ಭಾವನವರ ಪಾದ ನೋಡಿದವರು ಆಕೆ, ಅವರಿಗೆ ಬೂಟು ಬೇಕೆಂದು ಬರೆಯಬೇಕಾದವರು ಡಾಕ್ಟರು.

ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷಗಳ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಶಿಕ್ಷಣವನ್ನು 2016-17ರ ಸುಮಾರಿಗೆ ರೂಪಿಸಿತು. ನೋಂದಾಯಿತ ನರ್ಸುಗಳಿಗೆ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನೂ ಅದು ಕೊಡುತ್ತಿದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆ ಹಣ ಕೊಡುವುದು ಚಿಕಿತ್ಸೆಯ ಪ್ಯಾಕೇಜಿನ ಲೆಕ್ಕದಲ್ಲಿ, ಆಸ್ಪತ್ರೆಗೆ. ಆ ಪ್ಯಾಕೇಜಿನೊಳಗೆ ರಾತ್ರಿಯಿಡೀ ವೆಂಟಿಲೇಟರ್ ಪಕ್ಕ ನಿಂತವರ ಕೆಲಸ ಎಷ್ಟು ಪಾಲು ಎಂದು ಬಿಲ್ಲು ನೋಡಿ ಹೇಳಲು ಬರುವುದಿಲ್ಲ.